ಬಾಯಿ ತುಂಬ ನೀರು ಹೊತ್ತು ಬೇಟೆಗೆ ಹೊರಡುವ ಮೀನು

ಸಮುದ್ರದ ನೀರು ಇಳಿದ ಮೇಲೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಬರೀ ಕೆಸರು ಉಳಿಯುತ್ತದೆ. ಬೇರೆ ಮೀನುಗಳೆಲ್ಲ ನೀರಿನ ಜೊತೆಗೇ ಹಿಂದೆ ಸರಿದಿರುತ್ತವೆ. ಮಡ್‌ಸ್ಕಿಪ್ಪರ್ ಮಾತ್ರ ಆಗ ಬಿಲದಿಂದ ಹೊರಗೆ ಬರುತ್ತದೆ. ಎದೆಯ ರೆಕ್ಕೆಗಳನ್ನು ಊರಿಕೊಂಡು ಕೆಸರಿನ ಮೇಲೆ ತೆವಳುತ್ತದೆ, ಬಾಲ ಬಡಿದು ಜಿಗಿಯುತ್ತದೆ. ಅದಕ್ಕೆ ಈಗ ಊಟದ ಹೊತ್ತು.

ಮೀನೊಂದು ನೆಲದ ಮೇಲೆ ಓಡಾಡುವುದೇ ಬೆರಗು. ಆದರೆ ನನಗೆ ಅದಕ್ಕಿಂತ ಜಾಸ್ತಿ ಸೋಜಿಗ ಅನಿಸುವುದು ಅದು ನುಂಗುವ ಬಗೆ. ನಾವು ತುತ್ತನ್ನು ನಾಲಿಗೆಯಿಂದ ಹಿಂದಕ್ಕೆ ತಳ್ಳುತ್ತೇವೆ. ಮೀನಿಗೆ ಹಾಗೆ ಹೊರಳುವ ನಾಲಿಗೆ ಇಲ್ಲ. ನೀರೊಳಗೆ ಅದು ಬೇಕಾಗಿಯೂ ಇಲ್ಲ. ಗಬಕ್ಕನೆ ಬಾಯಿ ತೆರೆದರೆ ಸಾಕು, ನೀರು ಒಳಗೆ ನುಗ್ಗುತ್ತದೆ, ಜೊತೆಗೆ ಬೇಟೆಯೂ ಬರುತ್ತದೆ. ನೆಲದ ಮೇಲೆ ಈ ಉಪಾಯ ನಡೆಯುವುದಿಲ್ಲ. ಗಾಳಿ ನೀರಿಗಿಂತ ಸುಮಾರು 800 ಪಟ್ಟು ತೆಳು. ಒಂದು ಪುಟ್ಟ ಏಡಿಯನ್ನು ಎಳೆದು ತರುವ ಕಸುವು ಅದಕ್ಕೆಲ್ಲಿದೆ?

ಮಡ್‌ಸ್ಕಿಪ್ಪರ್ ಇದಕ್ಕೊಂದು ದಾರಿ ಕಂಡುಕೊಂಡಿದೆ. ಬರುವಾಗಲೇ ಬಾಯಿ ತುಂಬ ನೀರು ತುಂಬಿಕೊಂಡು ಬರುತ್ತದೆ. ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆಫ್ರಿಕಾದ ಪಶ್ಚಿಮ ಕರಾವಳಿಯ ಒಂದು ಜಾತಿಯನ್ನು ಹೈಸ್ಪೀಡ್ ಕ್ಯಾಮೆರಾ ಮತ್ತು ಎಕ್ಸ್‌-ರೇ ವಿಡಿಯೊಗಳಲ್ಲಿ ಸೆರೆಹಿಡಿದು, 2015ರಲ್ಲಿ ಈ ಗುಟ್ಟನ್ನು ಬಿಡಿಸಿ ಹೇಳಿದರು. ಮೀನು ಬಾಯಿ ತೆರೆದಾಗ ಒಳಗಿನ ನೀರು ಉಬ್ಬಿ ಮುಂದೆ ಬರುತ್ತದೆ, ಆಹಾರಕ್ಕೆ ತಾಗುತ್ತದೆ. ಮರುಗಳಿಗೆಯಲ್ಲೇ ಮೀನು ಆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಆಹಾರವೂ ಅದರ ಬೆನ್ನಿಗೇ ಹೋಗುತ್ತದೆ. ನೀರೇ ನಾಲಿಗೆಯ ಕೆಲಸ ಮಾಡಿತಲ್ವಾ! ನೀರನ್ನು ಹೀರಿಕೊಳ್ಳುವ ವಸ್ತುವಿನ ಮೇಲೆ ಆಹಾರ ಇಟ್ಟಾಗ ಕಥೆ ಬೇರೆಯಾಯಿತು. ಮೀನಿನ ಬಾಯಿಗೆ ಆಹಾರ ಸಿಕ್ಕಿತು, ಆದರೆ ಗಂಟಲಿಗೆ ಇಳಿಯಲಿಲ್ಲ. ನುಂಗಲು ಅದು ಮತ್ತೆ ನೀರಿಗೇ ಹೋಗಬೇಕಾಯಿತು.

ಕೋಟ್ಯಂತರ ವರ್ಷಗಳ ಹಿಂದೆ ನೀರು ಬಿಟ್ಟು ನೆಲಕ್ಕೆ ಬಂದ ಮೊದಲ ಬೆನ್ನೆಲುಬಿನ ಜೀವಿಗಳೂ ನಿಜವಾದ ನಾಲಿಗೆ ಬರುವ ಮುಂಚೆ ಹೀಗೇ ತಿಂದಿರಬಹುದು. ಮಡ್‌ಸ್ಕಿಪ್ಪರ್ ಅವುಗಳ ವಂಶದ್ದಲ್ಲ. ಆದರೂ ಅವುಗಳ ಕಷ್ಟವನ್ನು ನಮ್ಮ ಕಣ್ಣೆದುರಿಗೇ ತೋರಿಸುತ್ತದೆ.

ಎಲ್ಲ ಮಡ್‌ಸ್ಕಿಪ್ಪರ್‌ಗಳೂ ಬೇಟೆಗಾರರಲ್ಲ. ಆಗ್ನೇಯ ಏಷ್ಯಾದ ದೈತ್ಯ ಮಡ್‌ಸ್ಕಿಪ್ಪರ್ ಒಂದು ಗೇಣಿಗಿಂತ ಉದ್ದ ಬೆಳೆಯುತ್ತದೆ, ಏಡಿಗಳನ್ನು ಹಿಡಿದು ತಿನ್ನುತ್ತದೆ. ಸಣ್ಣ ಜಾತಿಗಳಿಗೆ ಹುಳು, ನೊಣ, ಏಡಿಮರಿ ಸಾಕು. ಬೋಲಿಯಾಫ್ತಾಲ್ಮಸ್ ಕುಲದವು ಮಾತ್ರ ಹಸುಗಳ ಹಾಗೆ ಮೇಯುತ್ತವೆ. ನೀರು ಇಳಿದು ಬಿಸಿಲು ಬಿದ್ದಾಗ ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿಗಳು ಕೆಸರಿನ ಮೇಲ್ಪದರಕ್ಕೆ ಬರುತ್ತವೆ. ಈ ಮೀನಿನ ಕೆಳದವಡೆಯ ಹಲ್ಲುಗಳು ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿರುತ್ತವೆ. ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಾ ಅದು ಆ ತೆಳು ಪದರವನ್ನು ಕೆರೆದು ತಿನ್ನುತ್ತದೆ.

ಬೇಟೆಯಾಡುವುದಿರಲಿ, ಮೇಯುವುದಿರಲಿ, ಎರಡಕ್ಕೂ ನೀರಿನ ನಂಟು ತಪ್ಪಿದ್ದಲ್ಲ. ಕಿವಿರು ಒಣಗಬಾರದು, ಚರ್ಮವೂ ಒಣಗಬಾರದು. ಅದಕ್ಕೇ ಊಟದ ನಡುವೆ ಆಗಾಗ ಹತ್ತಿರದ ಗುಂಡಿಗೆ ಹೋಗಿ ಮೈ ತೋಯಿಸಿಕೊಂಡು, ಬಾಯಿ ತುಂಬ ಹೊಸ ನೀರು ತುಂಬಿಕೊಂಡು ಮತ್ತೆ ಕೆಸರಿಗೆ ಬರುತ್ತವೆ.