ಗಿರ್ರನೆ ತಿರುಗುವ ಉಂಗುರ: ಆಟವೆಲ್ಲ ಸಂದಿನಲ್ಲಿ

ಬೆರಳಿನಲ್ಲಿದ್ದಂತೆಯೇ ಗಿರ್ರನೆ ತಿರುಗುವ ಬೆಳ್ಳಿ ಉಂಗುರದಲ್ಲಿ ಸ್ಪ್ರಿಂಗೂ ಇಲ್ಲ, ಬೇರಿಂಗೂ ಇಲ್ಲ. ಒಳಗೆ ಅಗಲವಾದ ಪಟ್ಟಿ, ಅದರ ಮೇಲೆ ಸಡಿಲವಾಗಿ ಕೂತ ಕಿರಿದಾದ ಹೊರಸುತ್ತು, ಅಷ್ಟೆ. ಪಟ್ಟಿಯ ಎರಡೂ ಅಂಚು ಹೊರಕ್ಕೆ ಅರಳಿರುವುದರಿಂದ ಹೊರಸುತ್ತು ಜಾರಿ ಬೀಳುವುದಿಲ್ಲ. ಇವೆರಡರ ನಡುವಿನ ಸಂದು ಎಷ್ಟಿರಬೇಕೆಂದು ತಗಡಿಗೆ ಗರಗಸ ಇಡುವ ಮೊದಲೇ ತೀರ್ಮಾನಿಸಬೇಕು.

ತಗಡು ಬಾಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ನಡುಪದರದ ಉದ್ದ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆದ್ದರಿಂದ ಒಳವ್ಯಾಸಕ್ಕೆ ತಗಡಿನ ದಪ್ಪ ಕೂಡಿಸಿ 3.14ರಿಂದ ಗುಣಿಸಿದರೆ ಕತ್ತರಿಸಬೇಕಾದ ಉದ್ದ ಸಿಗುತ್ತದೆ. ಪಟ್ಟಿಯ ಒಳವ್ಯಾಸ 18 ಮಿ.ಮೀ., ದಪ್ಪ 1 ಮಿ.ಮೀ. ಇದ್ದರೆ ಉದ್ದ 59.7 ಮಿ.ಮೀ., ಹೊರವ್ಯಾಸ 20 ಮಿ.ಮೀ. ಹೊರಸುತ್ತಿನ ಒಳವ್ಯಾಸ 20.4 ಮಿ.ಮೀ. ಇರಲಿ, 1.2 ಮಿ.ಮೀ. ದಪ್ಪದ ತಗಡಾದರೆ 67.8 ಮಿ.ಮೀ. ಬೇಕು. ಆಗ ಸುತ್ತಲೂ 0.2 ಮಿ.ಮೀ. ಸಂದು ಸಿಗುತ್ತದೆ. ಇದಕ್ಕಿಂತ ಬಹಳ ಕಡಿಮೆಯಾದರೆ ಚೂರು ಕೊಳೆಗೂ ಸಿಕ್ಕಿಕೊಳ್ಳುತ್ತದೆ. ಹೆಚ್ಚಾದರೆ ಹೊರಸುತ್ತು ವಾಲಿ, ಅಂಚಿಗೆ ತಗುಲಿ ಗಡಗಡ ಎನ್ನುತ್ತದೆ. ಪಟ್ಟಿಯ ಅಗಲ 10 ಮಿ.ಮೀ., ಹೊರಸುತ್ತಿನದು 5 ಮಿ.ಮೀ. ಇದ್ದರೆ ಅರಳಿಸಲು ಎರಡೂ ಕಡೆ ಸಾಕಷ್ಟು ಜಾಗವಿರುತ್ತದೆ.

ಹೆಚ್ಚು ಉಂಗುರಗಳು ಕೆಡುವುದು ಬೆಸುಗೆಯಲ್ಲಿ. ಅಂಚಿನ ವ್ಯಾಸ 20ರಿಂದ 21.5 ಮಿ.ಮೀ.ಗೆ ಹಿಗ್ಗುವಾಗ ಅಲ್ಲಿನ ಲೋಹ ಶೇ. 7.5ರಷ್ಟು ಎಳೆದುಕೊಳ್ಳುತ್ತದೆ. ಸೇರುವ ಎರಡು ತುದಿಗಳ ನಡುವೆ ಬೆಳಕು ಕಂಡರೂ ಬೆಸುಗೆ ಅಲ್ಲೇ ಸೀಳುತ್ತದೆ. ತುದಿಗಳನ್ನು ಅರದಿಂದ ಉಜ್ಜಿ ಕೂಡಿಸಿ, ಬಿಳಿಗಾರ ಹಚ್ಚಿ, ಹೆಚ್ಚು ಕಾವಿಗೆ ಕರಗುವ ಗಟ್ಟಿ ಬೆಸುಗೆಯನ್ನೇ ಬಳಸಬೇಕು.

ಸುತ್ತಿಗೆಯ ಏಟಿಗೆ ಲೋಹದ ಹರಳುಗಳೊಳಗೆ ಸಿಕ್ಕುಗಳು ಹೆಚ್ಚಿ ಬೆಳ್ಳಿ ಬಿರುಸಾಗುತ್ತದೆ. ಅರಳಿಸುವ ಮೊದಲು 600–650 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಹೊಸ ಹರಳುಗಳು ಮೂಡಿ ಮತ್ತೆ ಮೆದುವಾಗುತ್ತದೆ. ಈ ಕೆಲಸಕ್ಕೆ ಕೋಣೆ ಮಬ್ಬಾಗಿರಬೇಕು. ಆಗ ಮಂದ ಕೆಂಪು ಕಾಣುತ್ತದೆ. ಪ್ರಖರ ಬೆಳಕಿನಲ್ಲಿ ಕೆಂಪು ಕಾಣುವಷ್ಟರಲ್ಲಿ ಕಾವು ಮೀರಿರುತ್ತದೆ. ಶೇ. 92.5 ಬೆಳ್ಳಿ, ಉಳಿದದ್ದು ತಾಮ್ರ ಇರುವ ಮಿಶ್ರಲೋಹ ಸುಮಾರು 800 ಡಿಗ್ರಿಗೇ ಕರಗತೊಡಗುತ್ತದೆ.

ಪಟ್ಟಿಯ ಹೊರಮೈ, ಹೊರಸುತ್ತಿನ ಒಳಮೈ ಎರಡಕ್ಕೂ ಜೋಡಿಸುವ ಮುಂಚೆಯೇ ಮೆರುಗು ಕೊಡಬೇಕು. ಆಮೇಲೆ ಅಲ್ಲಿಗೆ ಯಾವ ಉಪಕರಣವೂ ಹೋಗದು. ಬೆಳ್ಳಿ ಬೆಳ್ಳಿಗೆ ಉಜ್ಜಿದರೆ ಮೆತ್ತಿಕೊಳ್ಳುವ ಸ್ವಭಾವವಿದೆ, ಆದ್ದರಿಂದ ಹೊರಸುತ್ತು ಹಿತ್ತಾಳೆಯದಾದರೆ ಹೆಚ್ಚು ನುಣುಪಾಗಿ ತಿರುಗುತ್ತದೆ.

ಅರಳಿಸಲು ಉಂಗುರಕ್ಕಿಂತ ದೊಡ್ಡದಾದ, ಸುಮಾರು 24 ಮಿ.ಮೀ. ಗುಂಡುತಲೆಯ ಉಕ್ಕಿನ ಪಂಚ್ ಬೇಕು. ಒಂದು ಅಂಚನ್ನು ಅರೆಬರೆ ಅರಳಿಸಿ, ಹೊರಸುತ್ತು ತೊಡಿಸಿ, ಮಗುಚಿ ಇನ್ನೊಂದನ್ನು ಅರಳಿಸಿ. ಆಮೇಲೆ ಎರಡೂ ಕಡೆ ಸರದಿಯಂತೆ ಹಗುರವಾಗಿ ಬಡಿಯುತ್ತ, ಪ್ರತಿ ಏಟಿನ ನಂತರ ತಿರುಗಿಸಿ ನೋಡಿ. ಅವಸರ ಮಾಡಿದರೆ ಅರಳು ನಡುಭಾಗಕ್ಕೂ ಹರಡಿ ಸಂದನ್ನು ನುಂಗುತ್ತದೆ. ಸ್ವಲ್ಪ ಬಿಗಿಯಾದರೆ ಪ್ಯೂಮಿಸ್ ಎಂಬ ಉಜ್ಜುಗಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಸಂದಿಗೆ ಹಾಕಿ ತಿರುಗಿಸುತ್ತ ಸವೆಸಬಹುದು. ಪೂರ್ತಿ ಕಚ್ಚಿಕೊಂಡರೆ ಕತ್ತರಿಸುವುದೇ ದಾರಿ. ಜೋಡಿಸಿದ ಮೇಲೆ ಮತ್ತೆ ಬೆಸುಗೆ ಹಾಕಬಾರದು, ಕರಗಿದ ಬೆಸುಗೆ ಸಂದಿಗೆ ಹರಿದರೆ ಎರಡೂ ಒಂದಾಗುತ್ತವೆ. ಎಣ್ಣೆಯೂ ಬೇಡ, ಧೂಳು ಹಿಡಿಯುತ್ತದೆ.

ತೂಗಾಡುವ ಪದಕಕ್ಕೆ ರಿವೆಟ್, ಅಂದರೆ ತೂತಿಗೆ ತೂರಿಸಿ ಎರಡೂ ತುದಿ ಬಡಿದು ತಲೆ ಮೂಡಿಸಿದ ತಂತಿ, ಸಾಕು. 1 ಮಿ.ಮೀ. ತಂತಿಗೆ ಆಡುವ ತುಂಡಿನ ತೂತು 1.1 ಮಿ.ಮೀ. ಇರಲಿ. ತಂತಿ ಎರಡೂ ಕಡೆ ಅರ್ಧ ಮಿ.ಮೀ. ಚಾಚಿರಬೇಕು, ಹೆಚ್ಚಿದ್ದರೆ ಬಾಗುತ್ತದೆ, ಕಡಿಮೆಯಿದ್ದರೆ ತಲೆ ಮೂಡುವುದಿಲ್ಲ. ತುಂಡುಗಳ ನಡುವೆ ತೆಳು ಕಾಗದವಿಟ್ಟು ಬಡಿದು, ಆಮೇಲೆ ನೀರಿನಲ್ಲಿ ನೆನೆಸಿ ಅದನ್ನು ತೆಗೆದುಬಿಡಿ.