ಟರ್ಮಿನಲ್ ಸುಮ್ನಾದರೆ ಮಳೆಯನ್ನು ಯಾಕೆ ಬೈತೀರಿ?

ಪ್ರಶ್ನೆ: ಸರ್, ಲಿನಕ್ಸ್ ಟರ್ಮಿನಲ್‌ನಲ್ಲಿ ಕೆಲಸ ಮಾಡ್ತಾ ಇದ್ದೆ. ಇದ್ದಕ್ಕಿದ್ದಂತೆ ಏನು ಒತ್ತಿದ್ರೂ ಒಂದಕ್ಷರ ಬರ್ತಿಲ್ಲ. ಮಳೆಗೆ ಕೀಬೋರ್ಡ್ ಥಂಡಿ ಹಿಡಿದಿದೆ ಅನ್ಸುತ್ತೆ. ಹೊಸದು ತಗೊಳ್ಳಲಾ?

ಬೇಡ. ಕಂಟ್ರೋಲ್ ಹಿಡಿದು ಕ್ಯೂ ಒತ್ತಿ. ಬಂತಾ?

ಜೂನ್‌ನಲ್ಲಿ ಮಳೆ ಹಿಡಿದರೆ ಸಾಕು, ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಲ್ಲ ಕಡೆಯಿಂದಲೂ ನನಗೆ ಇದೇ ಪ್ರಶ್ನೆ. ಬೇಸಿಗೆಯಲ್ಲೂ ಬರುತ್ತದೆ. ಆಗ ತಪ್ಪು ಧೂಳಿನದ್ದು.

ಆಗಿದ್ದಿಷ್ಟೇ: ನಿಮಗೆ ಗೊತ್ತಿಲ್ಲದೆ ಕಂಟ್ರೋಲ್ ಎಸ್ ಒತ್ತಿದ್ದೀರಿ. ಗಾಳಿ ಬೀಸಿದರೆ ಕರೆಂಟ್ ಹೋಗುವ ಊರು ನಮ್ಮದು. ಸಾಲಿಗೊಮ್ಮೆ ಸೇವ್ ಮಾಡುವುದು ಬೆರಳಿಗೇ ಅಂಟಿಬಿಟ್ಟಿದೆ. ಆದರೆ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಹೊಡೆದು ಕೆಲಸ ಮಾಡಿಸುವ ಆ ವಿಂಡೋದಲ್ಲಿ, ಅದರ ಅರ್ಥ ‘ತೋರಿಸುವುದನ್ನು ನಿಲ್ಲಿಸು’ ಅಂತ. ಕಂಟ್ರೋಲ್ ಕ್ಯೂ ಅಂದರೆ ‘ಮತ್ತೆ ಶುರು ಮಾಡು’. ನಡುವೆ ನೀವು ಒತ್ತಿದ್ದು ಎಲ್ಲೂ ಹೋಗಿಲ್ಲ, ಕ್ಯೂ ಒತ್ತಿದ ಕೂಡಲೇ ಒಟ್ಟಿಗೆ ಬರುತ್ತದೆ. ಎಂಟರ್ ಒತ್ತಿದ್ದರೆ ಆ ಕಮಾಂಡ್ ಓಡಿಯೂ ಬಿಡುತ್ತದೆ. ಹಾಗಾಗಿ ಸಿಟ್ಟಿನಲ್ಲಿ ಕೀಬೋರ್ಡ್ ಕುಟ್ಟಬೇಡಿ.

ಈಗ ಥಂಡಿಯ ಕಥೆಗೆ ಬರೋಣ. ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಚಿಗುರುತ್ತದೆ. ಪರಿಚಯದವರೊಬ್ಬರು ಕೀಬೋರ್ಡನ್ನು ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದರು. ಮೂರನೇ ದಿನ ಕಂಪ್ಯೂಟರ್ ಆನ್ ಮಾಡಿದರು, ಸರಿಯಾಗಿತ್ತು. "ನೋಡಿ, ಅಕ್ಕಿ ತೇವ ಎಳೆದುಕೊಂಡಿತು" ಅಂದರು. ಅಕ್ಕಿ ಏನೂ ಎಳೆದಿರಲಿಲ್ಲ. ಕಂಪ್ಯೂಟರ್ ಆಫ್ ಮಾಡಿದಾಗಲೇ ಆ ಟರ್ಮಿನಲ್ ಮುಚ್ಚಿಹೋಗಿತ್ತು, ಹೊಸದು ತೆರೆದುಕೊಂಡಿತು, ಅಷ್ಟೇ. ಆ ಕೀಬೋರ್ಡಿನ ಸಂದಿಗಳಿಂದ ಅಕ್ಕಿ ನುಚ್ಚು ತೆಗೆಯಲು ಮಾತ್ರ ನನಗೆ ಅರ್ಧ ಗಂಟೆ ಬೇಕಾಯಿತು.

ತೇವಕ್ಕೆ ಕೀಬೋರ್ಡ್ ಕೆಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಬೆಲ್ಟು, ಚಪ್ಪಲಿಗೇ ಬೂಷ್ಟು ಬರುತ್ತದೆ, ಕೀಬೋರ್ಡ್ ಯಾವ ಲೆಕ್ಕ? ಆದರೆ ಅದು ಕೆಡುವ ರೀತಿಯೇ ಬೇರೆ. ಒಂದು ಕೀ ಅಂಟಿಕೊಳ್ಳುತ್ತದೆ, ಒಂದಕ್ಷರ ನಾಲ್ಕು ಸಲ ಬೀಳುತ್ತದೆ, ಇಲ್ಲವೇ ಒಂದಷ್ಟು ಕೀಗಳು ಸಾಯುತ್ತವೆ. ಅದೂ ಎಲ್ಲ ವಿಂಡೋದಲ್ಲೂ. ಪಕ್ಕದಲ್ಲಿ ಬ್ರೌಸರ್ ತೆರೆದು ನಾಲ್ಕಕ್ಷರ ಒತ್ತಿ ನೋಡಿ. ಅಲ್ಲಿ ಬಂದರೆ ಕೀಬೋರ್ಡ್ ಗಟ್ಟಿಯಾಗಿದೆ. ಟರ್ಮಿನಲ್ ವಿಂಡೋ ಒಂದನ್ನೇ ಹುಡುಕಿಕೊಂಡು ಬಂದು ನೆನೆಸುವ ಮಳೆ ಭಾಗಮಂಡಲದಲ್ಲೂ ಇಲ್ಲ!

ಮಳೆ ನಿಜವಾಗಿಯೂ ತಪ್ಪು ಮಾಡುವುದು ಒಂದು ಕಡೆ. ಬೇರೆ ಕಂಪ್ಯೂಟರಿಗೆ ನೆಟ್ ಮೂಲಕ ಟರ್ಮಿನಲ್ ಜೋಡಿಸುವ ಎಸ್‌ಎಸ್‌ಎಚ್‌ನಿಂದ ದೂರದ ಸರ್ವರ್‌ನಲ್ಲಿದ್ದೀರಿ, ಕರೆಂಟ್ ಹೋಗಿ ಟವರ್ ಮಲಗಿತು ಅಂದುಕೊಳ್ಳಿ. ಆಗ ಕ್ಯೂ ಒತ್ತಿ ಪ್ರಯೋಜನವಿಲ್ಲ. ಎಂಟರ್, ಆಮೇಲೆ ಟಿಲ್ಡ (~), ಆಮೇಲೆ ಚುಕ್ಕಿ ಒತ್ತಿ. ಸಂಪರ್ಕ ಕಡಿದು ನಿಮ್ಮದೇ ಕಂಪ್ಯೂಟರಿನ ಶೆಲ್‌ಗೆ (ಟರ್ಮಿನಲ್‌ನಲ್ಲಿ ನೀವು ಹೊಡೆದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ವಾಪಸ್ ಬರುತ್ತೀರಿ.

ಪಾಸ್‌ವರ್ಡ್ ಒತ್ತುವಾಗ ಏನೂ ಕಾಣದಿರುವುದು ರೋಗವಲ್ಲ, ಅದು ಇರುವುದೇ ಹಾಗೆ. ಕನ್ನಡ ಲೇಔಟ್ ಬದಲಿಸಲು ಮರೆತು, ಫೈಲುಗಳ ಪಟ್ಟಿ ತೋರಿಸುವ ಎಲ್ ಎಸ್ ಕಮಾಂಡಿನ ಬದಲು ‘ಲ್ಸ್’ ಅಂತ ಹೊಡೆದು, ಅಂಥ ಕಮಾಂಡೇ ಇಲ್ಲ ಅಂತ ಶೆಲ್ ಹೇಳಿದರೆ ಅದರ ತಪ್ಪಲ್ಲ.

ಎಸ್ ಮತ್ತು ಕ್ಯೂ ಯಾಕೆ ಅಂತ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದಾಗ, ಅದನ್ನು ಕಟ್ಟಿದ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಕೆಲಸ ಮಾಡುತ್ತಿದ್ದದ್ದು ಟೆಲಿಟೈಪ್ ಯಂತ್ರದ ಮುಂದೆ. ಸ್ಕ್ರೀನ್ ಇಲ್ಲ, ಕಾಗದದ ಮೇಲೆ ಸೆಕೆಂಡಿಗೆ 10 ಅಕ್ಷರ. ಅದಕ್ಕೆ ತೂತು ಹೊಡೆದ ಕಾಗದದ ಪಟ್ಟಿ ಓದುವ ಭಾಗವೂ ಇತ್ತು. ಅದನ್ನು ನಿಲ್ಲಿಸಲು ಸಂಕೇತ 19, ಓಡಿಸಲು 17. ಇಂಗ್ಲಿಷ್ ಅಕ್ಷರಮಾಲೆ ಎಣಿಸಿ: ಎಸ್ 19ನೆಯದು, ಕ್ಯೂ 17ನೆಯದು. ಕಂಟ್ರೋಲ್ ಜೊತೆ ಯಾವ ಅಕ್ಷರ ಒತ್ತಿದರೂ ಹೋಗುವುದು ಅದರ ಕ್ರಮಸಂಖ್ಯೆ. ಐ ಒಂಬತ್ತನೆಯದು, ಟ್ಯಾಬ್ ಕೂಡ 9. ಮಕ್ಕಳಿಗೆ ಇದನ್ನು ಹೇಳಿದಾಗ ಬೆರಳು ಮಡಚಿ ಎಣಿಸುತ್ತಾರೆ, ನೋಡಲು ಖುಷಿ.

ಈ ಎಸ್ ಕಾಟವೇ ಬೇಡ ಅನ್ನುವವರು ಬ್ಯಾಷ್ ಎಂಬ ಶೆಲ್‌ನ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಹಾಕಿಕೊಳ್ಳಿ: ಮೊದಲು ಎಸ್ ಟಿ ಟಿ ವೈ, ಜಾಗ ಬಿಟ್ಟು ಮೈನಸ್, ಅದಕ್ಕೆ ಅಂಟಿಸಿ ಐ ಎಕ್ಸ್ ಓ ಎನ್. ಎಲ್ಲವೂ ಸಣ್ಣಕ್ಷರ.

ಜೆ ಹತ್ತನೆಯದು, ಹೊಸ ಸಾಲಿನ ಸಂಕೇತವೂ 10. ಯಾವುದೋ ಪ್ರೋಗ್ರಾಂ ಅರ್ಧಕ್ಕೆ ಸತ್ತು ಟರ್ಮಿನಲ್ ಕೆಟ್ಟಿದ್ದರೆ, ಎಂಟರ್ ಕೂಡ ಕೇಳದಿದ್ದರೆ, ಮೊದಲು ಕಂಟ್ರೋಲ್ ಜೆ ಒತ್ತಿ. ಆಮೇಲೆ ಎಸ್ ಟಿ ಟಿ ವೈ, ಜಾಗ, ಎಸ್ ಎ ಎನ್ ಇ ಅಂತ ಹೊಡೆದು ಇನ್ನೊಮ್ಮೆ ಕಂಟ್ರೋಲ್ ಜೆ. ಹೊಡೆದದ್ದು ಕಾಣದಿದ್ದರೂ ಪರವಾಗಿಲ್ಲ. ಎಂಟರ್ ಕೀ ನಿಜವಾಗಿಯೂ ಥಂಡಿಗೆ ಹೋಗಿದ್ದರೂ ಶೆಲ್‌ನಲ್ಲಿ ಕಂಟ್ರೋಲ್ ಜೆ ಇಂದಲೇ ದಿನ ದೂಡಬಹುದು. ಕಳೆದ ಮಳೆಗಾಲದಲ್ಲಿ ನಾನೇ ಎರಡು ವಾರ ದೂಡಿದೆ.