ಏನಿದು ‘ರಿಲಿಜಿಯಸ್ ಅಕಾಮಡೇಶನ್’?

ಅಮೆರಿಕದ ಕಂಪನಿ ಸೇರಿದ ದಿನ ಎಚ್‌ಆರ್ ಕೊಡುವ ದಪ್ಪ ಕೈಪಿಡಿಯಲ್ಲಿ ‘ರಿಲಿಜಿಯಸ್ ಅಕಾಮಡೇಶನ್’ ಅಂತ ಒಂದು ಭಾಗ ಇರುತ್ತದೆ. ಅಲ್ಲಿಗೆ ಹೋದ ನಮ್ಮವರಲ್ಲಿ ಬಹಳ ಮಂದಿ ಅದನ್ನು ಓದದೆಯೇ ಸಹಿ ಹಾಕಿರುತ್ತಾರೆ. ಕೆಲಸದ ನಿಯಮಕ್ಕೂ ನೌಕರನ ಧಾರ್ಮಿಕ ಆಚರಣೆಗೂ ತಾಳೆಯಾಗದಿದ್ದಾಗ, ಆ ನೌಕರನ ಮಟ್ಟಿಗೆ ನಿಯಮ ಸಡಿಲಿಸಿ ದಾರಿ ಮಾಡಿಕೊಡಬೇಕಾದ ಮಾಲೀಕನ ಕಾನೂನು ಹೊಣೆಗೆ ಈ ಹೆಸರು. ಶಿಫ್ಟ್ ಅದಲುಬದಲು, ಸಮವಸ್ತ್ರದಲ್ಲಿ ವಿನಾಯಿತಿ, ಶುಕ್ರವಾರದ ನಮಾಜಿಗೆ ಊಟದ ವಿರಾಮ ಹೊಂದಿಸುವುದು, ಹಬ್ಬಕ್ಕೆ ರಜೆ, ಎಲ್ಲವೂ ಇದರೊಳಗೇ ಬರುತ್ತವೆ.

ಇದರ ಮೂಲ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ‘ಟೈಟಲ್ ಸೆವೆನ್’. 15 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ನೇಮಕ, ಸಂಬಳ, ಬಡ್ತಿ, ವಜಾ ಯಾವುದರಲ್ಲೂ ಧರ್ಮದ ಕಾರಣಕ್ಕೆ ಭೇದ ಮಾಡುವಂತಿಲ್ಲ. ಪೌರತ್ವ ಇರಬೇಕೆಂದೇನೂ ಇಲ್ಲ, ಎಚ್-1ಬಿ ವೀಸಾದಲ್ಲಿರುವವರಿಗೂ ಇದು ಅನ್ವಯ. ಆದರೆ ಅಕಾಮಡೇಶನ್ ಮಾತು ಕಾಯ್ದೆಯೊಳಗೆ ಬಂದದ್ದು 1972ರಲ್ಲಿ. ತಿದ್ದುಪಡಿ ತಂದ ಸೆನೆಟರ್ ಜೆನಿಂಗ್ಸ್ ರಾಂಡಾಲ್ಫ್ ಅವರದು ಶನಿವಾರವನ್ನೇ ದೇವರ ದಿನವಾಗಿ ಪಾಲಿಸುವ ಸೆವೆಂತ್ ಡೇ ಬ್ಯಾಪ್ಟಿಸ್ಟ್ ಪಂಗಡ. ಭಾನುವಾರ ಬಿಡುವು ಕೊಡುವ ದೇಶದಲ್ಲಿ ಶನಿವಾರದವರ ಪಾಡು ಅವರಿಗೆ ಗೊತ್ತಿತ್ತು.

‘ಎಲ್ಲರಿಗೂ ಒಂದೇ ರೂಲ್, ನಿನಗೇನು ಸ್ಪೆಷಲ್?’ ಎಂಬ ಮ್ಯಾನೇಜರ್ ಮಾತು ನ್ಯಾಯವೆಂದೇ ಕೇಳಿಸುತ್ತದೆ. ಈ ಕಾನೂನು ಒಪ್ಪದಿರುವುದು ಅದನ್ನೇ. 2008ರಲ್ಲಿ ಓಕ್ಲಹೋಮಾದ ಟಲ್ಸಾದಲ್ಲಿ ತಲೆವಸ್ತ್ರ ಧರಿಸಿದ್ದ 17ರ ಹುಡುಗಿಯೊಬ್ಬಳು ಅಬರ್‌ಕ್ರಾಂಬಿ ಬಟ್ಟೆ ಅಂಗಡಿಯ ಸಂದರ್ಶನಕ್ಕೆ ಹೋದಳು. ಸಂದರ್ಶಕಿ ಆಕೆಗೆ ಒಳ್ಳೆಯ ಅಂಕಗಳನ್ನೇ ಕೊಟ್ಟಿದ್ದರು. ಮೇಲಿನವರು ಮಾತ್ರ, ಸಿಬ್ಬಂದಿ ಟೋಪಿ ಹಾಕುವಂತಿಲ್ಲ, ಧಾರ್ಮಿಕವೋ ಅಲ್ಲವೋ ತಲೆಯ ಮೇಲೆ ಏನೂ ಇರಬಾರದು ಎಂದು ಕೆಲಸ ತಪ್ಪಿಸಿದರು. ‘ಆಕೆ ವಿನಾಯಿತಿ ಕೇಳಲೇ ಇಲ್ಲವಲ್ಲ’ ಎಂದೂ ಕಂಪನಿ ವಾದಿಸಿತು. 2015ರಲ್ಲಿ ಸುಪ್ರೀಂ ಕೋರ್ಟ್ 8-1ರಿಂದ ಆ ವಾದ ತಳ್ಳಿಹಾಕಿತು. ವಿನಾಯಿತಿ ಕೊಡಬೇಕಾದೀತೆಂದೇ ಕೆಲಸ ಕೊಡದಿದ್ದರೆ ಅದೂ ಭೇದವೇ, ನಿಯಮ ಎಲ್ಲರಿಗೂ ಸಮಾನವಾಗಿದೆ ಎನ್ನುವುದು ಇಲ್ಲಿ ರಕ್ಷಣೆಯಲ್ಲ ಎಂದಿತು.

ಹಾಗಂತ ಮಾಲೀಕ ಕೇಳಿದ್ದೆಲ್ಲ ಕೊಡಬೇಕಿಲ್ಲ. ‘ಅಂಡ್ಯೂ ಹಾರ್ಡ್‌ಶಿಪ್’, ಅಂದರೆ ಮಿತಿಮೀರಿದ ಹೊರೆ ಆಗುತ್ತದೆ ಎಂದು ತೋರಿಸಿದರೆ ಬಚಾವ್. ತೋರಿಸುವ ಭಾರ ಅವನದೇ. ಆದರೆ ಎಷ್ಟು ಹೊರೆಯಾದರೆ ಮಿತಿಮೀರಿದಂತೆ? ವಿಮಾನ ಕಂಪನಿ ಟಿಡಬ್ಲ್ಯೂಎಯ ನೌಕರನೊಬ್ಬನ ಶನಿವಾರದ ರಜೆಯ ಪ್ರಕರಣದಲ್ಲಿ, 1977ರಲ್ಲಿ, ಪುಡಿಗಾಸಿಗಿಂತ ಚೂರು ಹೆಚ್ಚು ಖರ್ಚಾದರೂ ಸಾಕು ಎಂಬಂತೆ ಕೋರ್ಟ್ ಹೇಳಿಬಿಟ್ಟಿತು. ಒಂದೇ ಸಾಲಿನಿಂದ ಈ ಹಕ್ಕು ಹೆಚ್ಚುಕಡಿಮೆ ಹಲ್ಲಿಲ್ಲದ ಹಾವಾಯಿತು ಅಂತಲೇ ನನ್ನ ಅಭಿಪ್ರಾಯ.

ಅದು ಸರಿಹೋಗಲು 46 ವರ್ಷ ಬೇಕಾಯಿತು. ಪೆನ್ಸಿಲ್ವೇನಿಯಾದ ಅಂಚೆ ನೌಕರ ಗ್ರಾಫ್, ಭಾನುವಾರ ದುಡಿಯದ ಕ್ರೈಸ್ತ. ಅಂಚೆ ಇಲಾಖೆ ಅಮೆಜಾನ್ ಪಾರ್ಸೆಲ್‌ಗಳನ್ನು ಭಾನುವಾರವೂ ಹಂಚತೊಡಗಿದಾಗ ಅವರು ಸಣ್ಣ ಹಳ್ಳಿಯ ಕಚೇರಿಗೆ ವರ್ಗ ಪಡೆದರು. ಅಮೆಜಾನ್ ಅಲ್ಲಿಗೂ ಬಂತು! ಶಿಸ್ತುಕ್ರಮಗಳ ಮೇಲೆ ಶಿಸ್ತುಕ್ರಮ, ಕೊನೆಗೆ 2019ರಲ್ಲಿ ರಾಜೀನಾಮೆ. 2023ರ ಜೂನ್ 29ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ, ತನ್ನ ವ್ಯವಹಾರಕ್ಕೆ ಹೋಲಿಸಿ ನೋಡಿದರೆ ಗಣನೀಯ ಹೆಚ್ಚುವರಿ ವೆಚ್ಚವಾಗುತ್ತದೆಂದು ಮಾಲೀಕ ತೋರಿಸಲೇಬೇಕು ಎಂದಿತು. ಆ ಧರ್ಮವನ್ನು ಕಂಡರೆ ಸಹೋದ್ಯೋಗಿಗಳಿಗೆ ಆಗುವುದಿಲ್ಲ ಎಂಬುದು ಲೆಕ್ಕಕ್ಕೇ ಇಲ್ಲ.

ನಮಗೆ ಹತ್ತಿರದ್ದನ್ನೇ ನೋಡೋಣ. ಅಯ್ಯಪ್ಪ ಮಾಲೆ ಹಾಕಿದವರು 41 ದಿನ ಗಡ್ಡ ತೆಗೆಯುವುದಿಲ್ಲ, ಕಪ್ಪು ಬಟ್ಟೆ ಉಡುತ್ತಾರೆ, ಎಷ್ಟೋ ಮಂದಿ ಚಪ್ಪಲಿಯನ್ನೂ ಮೆಟ್ಟುವುದಿಲ್ಲ. ಗಡ್ಡ ಬೇಡ ಎನ್ನುವ ಹೋಟೆಲ್‌ನಲ್ಲಿ ಅಂಥವರು ವಿನಾಯಿತಿ ಕೇಳಬಹುದು, ‘ಗಿರಾಕಿಗಳಿಗೆ ಚೆನ್ನಾಗಿ ಕಾಣುವುದಿಲ್ಲ’ ಎಂಬ ಉತ್ತರ ನಿಲ್ಲುವುದು ಕಷ್ಟ. ಮುಖಕ್ಕೆ ಬಿಗಿಯಾಗಿ ಕೂರಬೇಕಾದ ರೆಸ್ಪಿರೇಟರ್ ಹಾಕುವ ಕಾರ್ಖಾನೆಯಲ್ಲಿ ಮಾತು ಬೇರೆ. ಆದರೂ ಗಡ್ಡಕ್ಕೆ ಅಡ್ಡಿಯಿಲ್ಲದ, ಸಡಿಲ ಮುಸುಕಿನ ಮಾದರಿ ಕೊಡಲಾಗುತ್ತದೆಯೇ ಎಂದು ಮಾಲೀಕ ನೋಡಬೇಕು. ಗೋದಾಮಿನಲ್ಲಿ ಬರಿಗಾಲಲ್ಲಿ ಓಡಾಡುತ್ತೇನೆಂದರೆ ಮಾತ್ರ ಗೆಲ್ಲುವುದು ಸುಲಭವಲ್ಲ. ‘ಎಲ್ಲ ಹಿಂದೂಗಳೂ ಮಾಲೆ ಹಾಕುವುದಿಲ್ಲವಲ್ಲ’ ಎಂದು ಎಚ್‌ಆರ್ ಪಟ್ಟು ಹಿಡಿದರೂ ಪ್ರಯೋಜನವಿಲ್ಲ, ನಂಬಿಕೆ ಪ್ರಾಮಾಣಿಕವಾಗಿದ್ದರೆ ಸಾಕು. ಹಲವು ದಾರಿಗಳಿದ್ದಾಗ ಯಾವುದೆಂದು ಆರಿಸುವ ಹಕ್ಕು ಮಾತ್ರ ಮಾಲೀಕನದು. ನೀವು ಕೇಳಿದ್ದೇ ಸಿಗಬೇಕೆಂದಿಲ್ಲ.

ಚರ್ಚು, ದೇವಸ್ಥಾನದಂಥ ಧಾರ್ಮಿಕ ಸಂಸ್ಥೆಗಳು ತಮ್ಮ ಧರ್ಮದವರನ್ನೇ ನೇಮಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾದಲ್ಲಿ 5 ನೌಕರರಿದ್ದರೂ ರಾಜ್ಯದ ಕಾನೂನು ಅನ್ವಯಿಸುತ್ತದೆ, ಪೇಟ ಅಥವಾ ತಲೆವಸ್ತ್ರದವರನ್ನು ಗಿರಾಕಿಗಳ ಕಣ್ಣಿಗೆ ಬೀಳದಂತೆ ಹಿಂದಿನ ಕೋಣೆಗೆ ಕಳಿಸುವುದು ಅಲ್ಲಿ ಅಕಾಮಡೇಶನ್ ಎನಿಸುವುದಿಲ್ಲ. ನಮ್ಮಲ್ಲಿ ಸಂವಿಧಾನದ 16ನೇ ವಿಧಿ ಸರ್ಕಾರಿ ಹುದ್ದೆಗಳಿಗಷ್ಟೇ ಸೀಮಿತ. ಖಾಸಗಿ ನೌಕರಿಗೆ ಇಂಥ ಸಮಗ್ರ ಕಾನೂನು ಇನ್ನೂ ಬಂದಿಲ್ಲ, ಬೆಂಗಳೂರಿನಂಥ ಊರಿರುವ ರಾಜ್ಯದಲ್ಲಿ ಅದರ ಚರ್ಚೆಯೂ ಅಷ್ಟಕ್ಕಷ್ಟೇ.

ಅಮೆರಿಕದಲ್ಲಿರುವವರು ಕೋರಿಕೆಯನ್ನು ಮೇಲ್‌ನಲ್ಲೇ ಕಳಿಸಿ, ಕಾರಣ ಧಾರ್ಮಿಕ ಎಂದು ಒಂದು ಸಾಲು ಬರೆದರೆ ಸಾಕು, ಕಾನೂನಿನ ಪದಗಳು ಬೇಕಿಲ್ಲ. ತಿರಸ್ಕರಿಸಿದರೆ ಇಇಒಸಿ ಎಂಬ ಒಕ್ಕೂಟ ಸರ್ಕಾರದ ಆಯೋಗಕ್ಕೆ 180 ದಿನಗಳೊಳಗೆ ದೂರು ಕೊಡಬೇಕು. ಇಂಥದೇ ಕಾನೂನನ್ನು ಜಾರಿ ಮಾಡುವ ಸಂಸ್ಥೆ ಇರುವ ರಾಜ್ಯಗಳಲ್ಲಿ 300 ದಿನ. ಕಂಪನಿಯೊಳಗಿನ ದೂರು ವಿಚಾರಣೆ ನಡೆಯುತ್ತಿದೆ ಎಂದು ಸುಮ್ಮನೆ ಕೂತರೆ ಈ ಗಡುವು ನಿಮಗಾಗಿ ಕಾಯುವುದಿಲ್ಲ.